ಎಡಪಕ್ಕದ ಗಾಳಿ

ಜನವರಿ 9, ಸೋಮವಾರ

ಗೆದ್ದೆವು. ಬರೆದು ಕಣ್ಣಾರೆ ನೋಡಬೇಕು ಅನ್ನಿಸಿತು, ಅದಕ್ಕೇ ಮೂಲೆಗೆ ಬಿದ್ದಿದ್ದ ಈ ಡೈರಿ ತೆಗೆದೆ. ಗೆದ್ದೆವು!

ಗೇಟಿನ ಮುಂದೆ ಕೂತು, ಬಿಸಿಲಿಗೆ ಒಣಗಿ, ಗಂಟಲು ಹರಿದುಕೊಂಡು ಕೇಳಿದ್ದು ಇವತ್ತು ಶೆಡ್ಡಿನ ಬೆಂಚಿನ ಮೇಲೆ ಸಾಲಾಗಿ ಮಲಗಿದೆ. ಸಣ್ಣ ಸಿಲಿಂಡರುಗಳು, ತಲೆಗೊಂದು. ಬೆನ್ನ ಮೇಲಿನ ದೊಡ್ಡ ಸಿಲಿಂಡರು ಕೈಕೊಟ್ಟರೆ ಇದರ ಗಾಳಿ ಎಳೆದುಕೊಂಡು ಮೇಲೆ ಬರಬಹುದು. ಅಷ್ಟೇ. ಇಷ್ಟಕ್ಕಾಗಿ ನಮ್ಮ ಹಿರಿಯ ಮುಳುಗುಗಾರನೊಬ್ಬ ಸಾಯಬೇಕಾಯಿತು. ಕಳೆದ ಮಳೆಗಾಲದಲ್ಲಿ ಜನ ಸಾಲದು ಅಂತ ಅವನೊಬ್ಬನನ್ನೇ ಸುರಂಗಕ್ಕೆ ಇಳಿಸಿದರು. ಒಳಗೆ ಅವನ ಪೈಪು ಒಡೆಯಿತು. ಬಾಯಿಗಿಡಲು ಬೇರೇನೂ ಇರಲಿಲ್ಲ.

ಊರಿಗೆ ದೀಪ ಹತ್ತಬೇಕಾದರೆ ವಿದ್ಯುತ್ ಸ್ಥಾವರದ ಯಂತ್ರ ತಣ್ಣಗಿರಬೇಕು. ಯಂತ್ರ ತಣ್ಣಗಿರಲು ಸಮುದ್ರದ ನೀರು ಸುರಂಗಕ್ಕೆ ನುಗ್ಗಬೇಕು. ನೀರು ನುಗ್ಗಬೇಕಾದರೆ ಸುರಂಗದ ಬಾಯಿಯ ಕಬ್ಬಿಣದ ಸರಳುಗಳಿಗೆ ಕಚ್ಚಿದ ಚಿಪ್ಪನ್ನು ಯಾರಾದರೂ ಮುಳುಗಿ ಕೆರೆಯಬೇಕು. ಆ ಯಾರಾದರೂ ನಾವು. ಇವರ ಬೆಳಕು ಉರಿಯುವುದು ನಮ್ಮ ಕತ್ತಲೆಯ ಖರ್ಚಿನಲ್ಲಿ. ಗೇಟಿನ ಮುಂದೆ ಮೈಕು ಹಿಡಿದು ಈ ಮಾತು ಕೂಗಿದ್ದೆ. ಕೂಗಿದ್ದು ದಂಡವಾಗಲಿಲ್ಲ.

ಗುಂಡ ಒಂದು ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು, ಹಾಲು ಕುಡಿದ ಮಗುವಿಗೆ ತೇಗು ಬರಿಸುವವನ ಹಾಗೆ ತಟ್ಟುತ್ತ ಶೆಡ್ಡೆಲ್ಲ ಸುತ್ತಿದ. “ನೋಡ್ರೋ, ಹೊಟ್ಟೆ ನಂದೇ, ಬಣ್ಣ ಅವರಮ್ಮಂದು.”

ಸಿಲಿಂಡರುಗಳಿಗೆ ಗಾಳಿ ತುಂಬುವ ಗಾಳಿಯಣ್ಣ ನಗಲಿಲ್ಲ. ದೊಡ್ಡ ಸಿಲಿಂಡರುಗಳ ಕಡೆ ಬೆರಳು ತೋರಿಸಿದ. “ಅಲ್ಲಿ ನೋಡಿದ್ರಾ?”

ನೋಡಿದೆವು. ಪ್ರತಿ ದೊಡ್ಡ ಸಿಲಿಂಡರಿಗೂ ಎರಡು ಮೌತ್‌ಪೀಸು ಇರುತ್ತಿದ್ದವು, ಒಂದು ನಮ್ಮ ಬಾಯಿಗೆ, ಇನ್ನೊಂದು ಆಪತ್ತಿನಲ್ಲಿ ಜೊತೆಯವನಿಗೆ. ಈಗ ಒಂದೊಂದೇ ಇವೆ. ಸಣ್ಣದು ಕೊಟ್ಟಿದ್ದೇವಲ್ಲ, ಎರಡನೆಯದು ಯಾಕೆ ಅಂತ ರಾತ್ರೋರಾತ್ರಿ ಬಿಚ್ಚಿಕೊಂಡು ಹೋಗಿದ್ದಾರೆ. ಬಲಗೈಲಿ ಕೊಟ್ಟು ಎಡಗೈಲಿ ಕಿತ್ತುಕೊಳ್ಳುವ ಜಾತಿಯೇ ಇವರದು. ಇರಲಿ, ಇದನ್ನೂ ಕಿತ್ತು ತರುತ್ತೇವೆ. ಗೇಟು ಎಲ್ಲಿಗೂ ಹೋಗಿಲ್ಲ, ನಾವೂ ಹೋಗಿಲ್ಲ.


ಜನವರಿ 12, ಗುರುವಾರ

ನೆಕ್‌ಟೈ ಶೆಡ್ಡಿಗೆ ಬಂದಿದ್ದ. ಕೊಚ್ಚೆ, ಎಣ್ಣೆ, ಕೊಳೆತ ಚಿಪ್ಪಿನ ನಾತ, ಇಷ್ಟರ ನಡುವೆಯೂ ಕತ್ತಿಗೆ ಪಟ್ಟಿ ಕಟ್ಟಿಕೊಂಡು ನಿಲ್ಲುವ ಮ್ಯಾನೇಜರಿಗೆ ಬೇರೆ ಹೆಸರು ಯಾಕೆ ಬೇಕು?

ಸಣ್ಣ ಸಿಲಿಂಡರನ್ನು ಹೇಗೆ ಹೊರಬೇಕು ಅನ್ನುವುದೇ ಇವತ್ತಿನ ಪಂಚಾಯಿತಿ. “ದೊಡ್ಡ ಸಿಲಿಂಡರ್ ಜೊತೆ ಬೆನ್ನಿಗೇ ಕಟ್ಟಿಬಿಡಿ. ಎದೆ, ಕೈ ಖಾಲಿ ಇರುತ್ತೆ. ಸರಳಿನ ಸಂದಿಯಲ್ಲಿ ಸಲೀಸಾಗಿ ನುಸುಳಬಹುದು. ನೀರೆಳೆಯೋ ಪಂಪು ನಿಲ್ಲಿಸೋದೇ ಸ್ವಲ್ಪ ಹೊತ್ತು, ಅಷ್ಟರಲ್ಲಿ ಕೆಲಸ ಜಾಸ್ತಿ ಆಗುತ್ತೆ,” ಅಂದ. ಆಮೇಲೆ ನಕ್ಕು, “ಬಲವಂತ ಇಲ್ಲ. ನಿಮ್ಮ ನಿಮ್ಮ ವೈಯಕ್ತಿಕ ಆಯ್ಕೆ,” ಅಂದ.

ನಾನು ಎದ್ದೆ. “ಬೆನ್ನಿಗೆ ಕಟ್ಟಿದ್ರೆ ಅದರ ಮೀಟರು ನಮಗೆ ಕಾಣಲ್ಲ. ವಾಲ್ವಿಗೆ ಕೈ ಎಟುಕಲ್ಲ. ಮುಚ್ಚಿದ್ಯೋ ತೆರೆದಿದ್ಯೋ ದೇವರಿಗೇ ಗೊತ್ತು.”

“ತಲೆಕೆಳಗು ಕಟ್ಟಿ, ವಾಲ್ವು ಸೊಂಟದ ಹತ್ರ ಬರುತ್ತೆ, ಕೈಗೆ ಸಿಗುತ್ತೆ,” ಅಂದ ಗಾಳಿಯಣ್ಣ.

“ಕೂತ್ರೆ ಅದರ ಮೇಲೇ ಕೂರ್ಬೇಕಲ್ಲೋ,” ಗುಂಡ ಹೌಹಾರಿದ. “ನನ್ನ ತೂಕಕ್ಕೆ ವಾಲ್ವು ಮುರಿದು ರಾಕೆಟ್ಟಾಗಿ ಹೋಗ್ತೀನಿ ನಾನು.”

ಎಲ್ಲರೂ ನಕ್ಕರು. ನೆಕ್‌ಟೈಯೂ ನಕ್ಕ. ಅವನು ನಗುವಾಗ ನಾವು ನಗುವುದನ್ನು ನಿಲ್ಲಿಸಬೇಕು, ಇದು ನಮ್ಮ ಜನಕ್ಕೆ ಯಾವಾಗ ಬರುತ್ತದೋ.

ನಾನು ಸಣ್ಣ ಸಿಲಿಂಡರನ್ನು ಎಡಪಕ್ಕಕ್ಕೆ ಹಿಡಿದು ತೋರಿಸಿದೆ. ಮೇಲಿನ ಕೊಕ್ಕೆ ಎದೆಯ ಪಟ್ಟಿಗೆ, ಕೆಳಗಿನ ಕೊಕ್ಕೆ ಸೊಂಟಕ್ಕೆ. ವಾಲ್ವು ಪಕ್ಕೆಯ ಮೇಲೆ, ಕಣ್ಣಿಗೂ ಕಾಣುತ್ತದೆ, ಕೈಗೂ ಸಿಗುತ್ತದೆ. ಎರಡು ಕೊಕ್ಕೆ ಬಿಚ್ಚಿದರೆ ಇಡೀ ಸಿಲಿಂಡರನ್ನೇ ಜೊತೆಯವನ ಕೈಗಿಡಬಹುದು. “ಬೆನ್ನ ಮೇಲಿನ ಗಾಳಿ ಒಬ್ಬನದು. ಪಕ್ಕದ ಗಾಳಿ ಇಬ್ಬರದು. ಕೊಡೋಕಾಗದ ಗಾಳಿಗೆ ನಾವು ಗೇಟಿನ ಮುಂದೆ ಕೂತಿರಲಿಲ್ಲ. ಉಸಿರಲ್ಲಿ ಎಂಥ ಸೀಮೆ ವೈಯಕ್ತಿಕ ಆಯ್ಕೆ ರೀ?”

ಚಪ್ಪಾಳೆ ಬಿತ್ತು. ಆದರೂ ಅರ್ಧ ಜನ ಬೆನ್ನಿಗೇ ಕಟ್ಟಿಕೊಂಡರು. ಹೊಟ್ಟೆ ಉರಿಯುತ್ತದೆ.

ಗುಂಡನೂ ಬೆನ್ನಿಗೇ. ಅವನದು ಮಾತ್ರ ಬೇರೆ ವಿಷಯ. ಪಕ್ಕಕ್ಕೆ ಕಟ್ಟಿದರೆ ಅವನು ಸಂದಿಯಲ್ಲಿ ಹಿಡಿಸುವುದೇ ಇಲ್ಲ. “ನಾನು ಒಳಗೆ ಹೋದ್ರೆ ಸುರಂಗಕ್ಕೆ ಬಿರಡೆ ಹಾಕಿದ ಹಾಗೆ, ಸ್ಥಾವರ ಬಂದ್!” ಅಂದ. ಕೊನೆಗೆ ನಾವಿಬ್ಬರೂ ಒಂದು ಕರಾರಿಗೆ ಬಂದೆವು. ಅವನ ಬೆನ್ನಿನದು ಹೇಗಿದ್ದರೂ ಇರಲಿ, ನನ್ನ ಎಡಪಕ್ಕದ್ದು ಇಬ್ಬರಿಗೂ ಸೇರಿದ್ದು. ನಾವಿಬ್ಬರೂ ಒಟ್ಟಿಗೇ ಇಳಿಯುವ ಜೋಡಿ. ಕಡ್ಡಿ, ಗುಂಡ. ನಮ್ಮನ್ನು ಒಟ್ಟಿಗೆ ನೋಡಿದವರಿಗೆ ನಗು ಬಾರದೆ ಇರುವುದಿಲ್ಲ.


ಜನವರಿ 17, ಮಂಗಳವಾರ

ಊಟದ ಬಿಡುವಿನಲ್ಲಿ ದಿನಾ ಅಭ್ಯಾಸ. ನಾನು ಎಲ್ಲ ಕಟ್ಟಿಕೊಂಡು ನಿಲ್ಲುತ್ತೇನೆ. ಗುಂಡ ಕಣ್ಣಿಗೆ ಬಟ್ಟೆ ಕಟ್ಟಿ, ಉಸಿರು ಬಿಗಿಹಿಡಿದು ಬರಬೇಕು. ನನ್ನ ಎಡಪಕ್ಕೆಯ ಮೇಲೆ ಎರಡು ಸಲ ಅಂಗೈಯಿಂದ ತಟ್ಟಬೇಕು, ಗಾಳಿ ಬೇಕು ಅಂತ. ತಟ್ಟಿದ ಕೈಯಲ್ಲೇ ಪೈಪು ಹಿಡಿದು ಮೌತ್‌ಪೀಸು ಎಳೆದು ಬಾಯಿಗಿಡಬೇಕು. ಕೆಳಗೆ ನೀರು ಮಸಿಯ ಹಾಗಿರುತ್ತದೆ, ಕಣ್ಣು ಇದ್ದೂ ದಂಡ. ಕೈಗೇ ಕಣ್ಣು ಬರಬೇಕು.

ಮೊದಲ ದಿನ ಗಾಳಿಯಣ್ಣನ ಜೇಬಿಗೆ ಕೈಹಾಕಿ ಬೀಡಿ ಕಟ್ಟು ಎಳೆದು ಬಾಯಿಗಿಟ್ಟುಕೊಂಡ. ಈಗ ಎಲ್ಲಿಂದ ತಳ್ಳಿದರೂ ಸೀದಾ ನನ್ನ ಎಡಪಕ್ಕೆಗೇ ಬರುತ್ತಾನೆ. ತಿರುಗಿಸಿ ನಿಲ್ಲಿಸಿದರೂ, ತಲೆಕೆಳಗಾಗಿ ಮಲಗಿಸಿದರೂ.

ಸಂಜೆ ಅವನ ಹೆಂಡತಿ ನೀರು ಹಿಡಿಯಲು ಇಳಿದು ಬಂದಳು. ನಮ್ಮ ಮೇಲಿನ ಮನೆಯೇ ಅವರದು, ಅತ್ತಿಗೆ ಅಂತಲೇ ಕರೆಯುತ್ತೇನೆ.

“ಏನೇ ಮಾಡಿದೀಯ ನನ್ನ ಗಂಡಂಗೆ? ನಿದ್ದೇಲಿ ನನ್ನ ಎಡಪಕ್ಕ ತಟ್ತಾರೆ. ಏನ್ರೀ ಅಂದ್ರೆ, ಗಾಳಿ ಕೊಡೇ ಅಂತಾರೆ. ಕಿಟಕಿ ತೆಗೆದು ಬಂದು ಮಲಗಿದೆ, ಮತ್ತೆ ತಟ್ಟಿದ್ರು!”

ಬಕೆಟ್ಟು ತುಂಬಿ ಹರಿಯುವವರೆಗೂ ನಕ್ಕೆವು. ಅಮ್ಮನಿಗೆ ಕಿವಿ ಮಂದ. “ಏನಂತೆ?” ಅಂತ ಕೇಳಿದಳು. ಕೂಗಿ ಹೇಳಿದೆ. “ಹೆಂಡತೀನ ತಟ್ಟಿ ಎಬ್ಬಿಸೋದಕ್ಕೂ ಇವಳೇ ತರಬೇತಿ ಕೊಡ್ಬೇಕಾಯ್ತಾ?” ಅಂದಳು.


ಜನವರಿ 30, ಸೋಮವಾರ

ಸಂಘದ ಸಭೆ. ಎರಡನೇ ಮೌತ್‌ಪೀಸು ವಾಪಸು ಬೇಕು ಅಂತ ನಿರ್ಣಯ ಮಾಡಿಸಿದೆ. ಬೆನ್ನಿಗೆ ಕಟ್ಟಿಕೊಂಡವರು ತಲೆ ತಗ್ಗಿಸಿ ಕೂತಿದ್ದರು. ನಾಚಿಕೆ ಆಗಬೇಕು, ಆಗಲಿ ಅಂತಲೇ ಮಾತಾಡಿದೆ. “ನಿಮ್ಮ ಬೆನ್ನ ಹಿಂದೆ ಏನಿದೆ ಅಂತ ನಿಮಗೇ ಗೊತ್ತಿಲ್ಲ, ಪಕ್ಕದಲ್ಲಿ ಯಾರಿದಾರೆ ಅಂತ ನೋಡ್ತೀರಾ?” ಅಂದೆ. ಒಬ್ಬ ಎದ್ದು ಹೋದ. ಹೋಗಲಿ.


ಫೆಬ್ರವರಿ 8, ಬುಧವಾರ

ಬರೆಯಲು ಆಗುತ್ತಿಲ್ಲ.


ಫೆಬ್ರವರಿ 9, ಗುರುವಾರ

ಒಳಗಿನ ಕೆಲಸ ಮುಗಿಸಿ ಸಂದಿಯಿಂದ ಹೊರಗೆ ಬರುತ್ತಿದ್ದೆ. ಎಡಪಕ್ಕದ ಸಿಲಿಂಡರು ಸರಳುಗಳ ನಡುವೆ ಅಡ್ಡವಾಗಿ ಸಿಕ್ಕಿತು. ಮುಂದೆ ತಳ್ಳಿದೆ, ಆಗಲಿಲ್ಲ. ಹಿಂದೆ ಸರಿದೆ, ಕೆಳಗಿನ ಕೊಕ್ಕೆ ಯಾವುದಕ್ಕೋ ಕಚ್ಚಿ ಇನ್ನೂ ಬಿಗಿಯಾಯಿತು. ಅರ್ಧ ದೇಹ ಒಳಗೆ, ಅರ್ಧ ಹೊರಗೆ. ಇಲಿಬೋನಿನ ಬಾಗಿಲು ಬೆನ್ನ ಮೇಲೆ ಬಿದ್ದ ಹಾಗೆ. ಎಳೆದುಕೊಂಡಷ್ಟೂ ಗಾಳಿ ಸಾಲದು ಅನ್ನಿಸಿತು. ಸಾಲುತ್ತಿತ್ತು. ಮೀಟರಿನ ಮುಳ್ಳು ನೋಡಿದ್ದೆ, ಬೇಕಾದಷ್ಟಿತ್ತು. ಆದರೂ ಸಾಲದು ಅನ್ನಿಸಿತು. ಬಾಯಲ್ಲಿದ್ದದ್ದನ್ನು ಉಗಿದು ಅಮ್ಮಾ ಅಂತ ಕಿರುಚಬೇಕು ಅನ್ನಿಸಿತು. ಇದು ಯಾರಿಗೂ ಹೇಳುವುದಲ್ಲ.

ಗುಂಡನ ಕೈ ಬಂತು. ಕತ್ತಲೆಯಿಂದ ಸೀದಾ ನನ್ನ ಎಡಪಕ್ಕೆಗೆ. ತಟ್ಟಲಿಲ್ಲ, ತಡವಿತು. ಕೆಳಗಿನ ಕೊಕ್ಕೆ ಬಿಚ್ಚಿತು. ನಾನು ಹೊರಬಿದ್ದೆ.

ದೋಣಿಯ ಮೇಲೆ ಅವನು, “ಸಂದಿ ಬಿರಡೆ ನಾನಾಗ್ಬೇಕಿತ್ತು, ನೀನು ನನ್ನ ಕೆಲಸ ಕಿತ್ಕೊಂಡೆ,” ಅಂದ. ನಗು ಬರಲಿಲ್ಲ. ಅವನ ಕೈ ಹಿಡಿದುಕೊಂಡೇ ಕೂತಿದ್ದೆ ಅಂತ ಕಾಣುತ್ತದೆ. ಗಾಳಿಯಣ್ಣ ಬಿಡಿಸಿದ.


ಫೆಬ್ರವರಿ 14, ಮಂಗಳವಾರ

ಎಡಭುಜ ನೋಯುತ್ತಿದೆ. ಪಕ್ಕಕ್ಕೆ ಕಟ್ಟಿದರೆ ತೂಕವೆಲ್ಲ ಒಂದೇ ಕಡೆ ಬೀಳುತ್ತದೆ, ಇದನ್ನು ನಾನು ಮೊದಲು ಯೋಚಿಸಿರಲಿಲ್ಲ. ಸ್ವಲ್ಪ ದಿನದ ಮಟ್ಟಿಗೆ ಬೆನ್ನಿಗೆ ಕಟ್ಟಿಕೊಂಡಿದ್ದೇನೆ. ಭುಜ ವಾಸಿಯಾಗುವವರೆಗೆ. ಸಣ್ಣದರ ಮೌತ್‌ಪೀಸು ರಬ್ಬರಿನ ಕುಣಿಕೆಯಲ್ಲಿ ಕತ್ತಿನ ಹತ್ತಿರವೇ ನೇತಾಡುತ್ತದೆ. ಬೇಕಾದರೆ ಅದನ್ನೇ ಜೊತೆಯವನಿಗೆ ಚಾಚಬಹುದು. ಪೈಪು ಗಿಡ್ಡ ನಿಜ, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬರಬೇಕಾಗುತ್ತದೆ. ಆದರೆ ಬರಬಹುದು.

ಗುಂಡನಿಗೆ ಹೇಳಿದೆ. “ಸರಿ ಬಿಡು,” ಅಂದ. ಆಮೇಲೆ, “ಹಂಗಾದ್ರೆ ಅಭ್ಯಾಸ ಹೊಸದಾಗಿ ಮಾಡ್ಬೇಕಲ್ಲ? ಈಗ ಕತ್ತಿಗೆ ಕೈಹಾಕ್ಬೇಕು. ಹೆಂಡತಿ ಕತ್ತು ಹಿಸುಕ್ತಾನೆ ಅಂತ ಪೊಲೀಸಿಗೆ ಕೊಡ್ತಾಳೆ,” ಅಂದ.

“ಮಾಡೋಣ. ಭುಜ ನೋವು ಇಳೀಲಿ,” ಅಂದೆ.

ಸಂದಿಯಲ್ಲಿ ಈಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದುಬಿಡುತ್ತೇನೆ.


ಫೆಬ್ರವರಿ 27, ಸೋಮವಾರ

ಮ್ಯಾನೇಜರ್ ಕರೆಸಿದ್ದರು. ನಮ್ಮ ಜೋಡಿ ಕೆರೆದಷ್ಟು ಬೇರೆ ಯಾರೂ ಕೆರೆದಿಲ್ಲವಂತೆ. “ನೀವು ಬೆನ್ನಿಗೆ ಬಂದ ಮೇಲೆ ಉಳಿದವರೂ ಬರ್ತಿದಾರೆ. ನಿಮ್ಮ ಮಾತು ಅಂದ್ರೆ ಅವರಿಗೆ ವೇದವಾಕ್ಯ,” ಅಂದರು. ಬೆಳಗಿನ ಪಾಳಿಯ ಹೊಣೆ ನೋಡಿಕೊಳ್ಳಿ ಅಂದರು. ನಾನು ಒಪ್ಪಿಕೊಂಡೆ. ನಮ್ಮವರೇ ಒಬ್ಬರು ಆ ಜಾಗದಲ್ಲಿ ಇದ್ದರೆ ನಮಗೇ ಒಳ್ಳೆಯದಲ್ಲವೇ? ಹೊರಗಿನವನು ಬಂದು ಕುಣಿಸುವುದಕ್ಕಿಂತ ಇದು ವಾಸಿ.

ಎರಡನೇ ಮೌತ್‌ಪೀಸಿನ ಮಾತು ಎತ್ತಬೇಕು ಅಂತಲೇ ಹೋಗಿದ್ದೆ. ಅವರೇ ಅಷ್ಟು ಮಾತಾಡಿದ್ದರಿಂದ ಅದಕ್ಕೆ ಸಂದರ್ಭ ಬರಲಿಲ್ಲ. ಮುಂದಿನ ಸಲ.

ಶೆಡ್ಡಿಗೆ ಬಂದರೆ ಗುಂಡ ಎದ್ದು ನಿಂತು ಸಲ್ಯೂಟ್ ಹೊಡೆದ. “ಮೇಡಂ, ಉಚ್ಚೆಗೆ ಹೋಗಿ ಬರ್ಲಾ?”

“ಹೋಗೋ ಸಾಕು,” ಅಂದೆ. ಎಲ್ಲರೂ ನಕ್ಕರು. ಗಾಳಿಯಣ್ಣ ಮಾತ್ರ ಕಂಪ್ರೆಸರಿನ ಕಡೆ ತಿರುಗಿ ನಿಂತಿದ್ದ. ಅವನಿಗೆ ಮೊದಲಿಂದಲೂ ನನ್ನ ಮೇಲೆ ಏನೋ.


ಮಾರ್ಚ್ 11, ಶನಿವಾರ

ಸಂಘದ ಸಭೆ ಇತ್ತು, ಹೋಗಲಾಗಲಿಲ್ಲ. ಪಾಳಿ ಬಿಟ್ಟಾಗ ತಡವಾಗಿತ್ತು. ಹೋಗಿದ್ದರೂ ಅದೇ ಹಳೆಯ ಕೂಗಾಟ. ಅಲ್ಲಿ ಕೂಗುವವರಲ್ಲಿ ಎಷ್ಟು ಜನರಿಗೆ ಪಂಪು ನಿಲ್ಲಿಸಿಕೊಳ್ಳುವುದರ ಕಷ್ಟ ಗೊತ್ತಿದೆ? ಸಾಹೇಬರು ಮೇಲಿನವರ ಹತ್ತಿರ ಅಂಗಲಾಚಿ ನಿಲ್ಲಿಸಿಕೊಡುತ್ತಾರೆ, ನಾವು ಕೆಳಗೆ ಹೋಗಿ ಆರಾಮವಾಗಿ ಕೆರೆಯುತ್ತೇವೆ. ಎರಡೂ ಕಡೆ ನೋಡಬೇಕು.

ಇಳಿಯುವ ಮುಂಚೆ ಜೋಡಿಗಳು ಒಬ್ಬರನ್ನೊಬ್ಬರು ಪೂರ್ತಿ ತಪಾಸಣೆ ಮಾಡುವ ಪದ್ಧತಿ ಇದೆಯಲ್ಲ, ಹೊಸಬರಿಗೆ ಅದು ಬೇಕು, ಒಪ್ಪುತ್ತೇನೆ. ಹಳಬರು ಕಣ್ಣಲ್ಲೇ ಒಂದು ಸಲ ನೋಡಿಕೊಂಡರೆ ಸಾಕು ಅಂತ ಹೇಳಿದ್ದೇನೆ. ಎಷ್ಟೋ ಹೊತ್ತು ಉಳಿಯುತ್ತದೆ. ಕೊನೆಗೆ ಅವರವರ ಜೀವ, ಅವರವರ ಜವಾಬ್ದಾರಿ.

ಮೆಟ್ಟಿಲ ಹತ್ತಿರ ಅತ್ತಿಗೆ ಸಿಕ್ಕಿ, “ಇವರಿಗೆ ಹೊಸ ಅಭ್ಯಾಸ ಯಾವಾಗ ಮಾಡಿಸ್ತೀಯ? ಇನ್ನೂ ನನ್ನ ಪಕ್ಕೇನೇ ತಟ್ತಿದಾರೆ,” ಅಂದಳು. ಮಾಡಿಸಬೇಕು, ಮರೆತೇಹೋಗಿತ್ತು. ಭುಜದ ನೋವು ಹೋಗಿ ಎಷ್ಟೋ ದಿನವಾಯಿತು.


ಮಾರ್ಚ್ 21, ಮಂಗಳವಾರ

ಲೋಳೆಮೀನುಗಳ ದಂಡು ಬಂದು ಸರಳಿಗೆ ಮೆತ್ತಿಕೊಂಡಿದೆ. ನೀರು ಒಳಗೆ ಹೋಗುತ್ತಿಲ್ಲ. ಯಂತ್ರ ಬಿಸಿಯಾಗುತ್ತಿದೆ ಅಂತ ಸಾಹೇಬರದು ದಿನವಿಡೀ ಫೋನು. ನಾಳೆ ಬೆಳಗ್ಗೆ ಮೊದಲು ನಾನು, ಗುಂಡ.


ಮಾರ್ಚ್ 22, ಬುಧವಾರ

ಗುಂಡ ಹೋದ.


ಮಾರ್ಚ್ 25, ಶನಿವಾರ

ನಡೆದದ್ದನ್ನು ಬರೆದಿಡುತ್ತೇನೆ.

ಪಂಪು ನಿಂತಿತ್ತು. ದಡದ ಮೇಲಿಂದ ಸಾಹೇಬರು ಗಡಿಯಾರ ತೋರಿಸುತ್ತಿದ್ದರು. ನಾನು ಬೇಗ ಬೇಗ ಅಂದೆ. ನನ್ನ ದನಿಯೇ. ಗುಂಡ ದೋಣಿಯ ಅಂಚಿನಲ್ಲಿ ಕೂತು ಏನೋ ಸರಿಮಾಡಿಕೊಳ್ಳುತ್ತಿದ್ದ. “ಬರ್ತೀನಿ ಇರೇ, ಮದುಮಗನಿಗೆ ಸಿಂಗಾರ ಬೇಡ್ವಾ?” ಅಂದ. “ಇಳಿಯೋ!” ಅಂತ ಗದರಿದೆ. ಕತ್ತಿನ ಹತ್ತಿರ ಸಿಕ್ಕಿದ ಮೌತ್‌ಪೀಸು ಬಾಯಿಗೆ ತುರುಕಿಕೊಂಡು ಧುಮುಕಿದ. ನಾನು ನೋಡಿದೆ. ಕಣ್ಣಲ್ಲೇ ಒಂದು ಸಲ.

ಸಂದಿ ದಾಟಿ ಒಳಗೆ ಹೋದೆವು. ಮೇಲೆ ಸುರಂಗದ ಚಾವಣಿ, ಸುತ್ತ ಲೋಳೆ. ಕೈ ಹಾಕಿದಲ್ಲೆಲ್ಲ ಜಾರುತ್ತಿತ್ತು. ಕೆಲಸ ಶುರುಮಾಡಿ ಸ್ವಲ್ಪ ಹೊತ್ತಾಗಿತ್ತು, ಗುಂಡ ನನ್ನ ಕೈ ಹಿಡಿದೆಳೆದು ತನ್ನ ಮೀಟರಿನ ಮೇಲೆ ಟಾರ್ಚು ಹಾಕಿದ. ಮುಳ್ಳು ತುಂಬಿದಲ್ಲೇ ನಿಂತಿತ್ತು, ಕದಲಿರಲಿಲ್ಲ. ಗಾಳಿಬಾಕ ಅಂತ ಎಲ್ಲರೂ ಅವನನ್ನು ಆಡಿಕೊಳ್ಳುವವರೇ. ನಾಲ್ಕು ಜನರ ಉಸಿರು ಒಬ್ಬನೇ ನುಂಗುತ್ತಾನೆ ಅಂತ ಗಾಳಿಯಣ್ಣ ದಿನಾ ಬೈಯುತ್ತಿದ್ದ. ಇವತ್ತು ನೋಡು, ಋಷಿಯ ಹಾಗೆ ಉಸಿರಾಡಿದ್ದೇನೆ ಅಂತ ಹೆಬ್ಬೆರಳು ಎತ್ತಿದ. ಮುಖವಾಡದೊಳಗೆ ಅವನ ಕಣ್ಣು ನಗುತ್ತಿದ್ದವು. ನನಗೂ ನಗು ಬಂದು ಮೌತ್‌ಪೀಸಿನೊಳಗೆ ಉಪ್ಪುನೀರು ನುಗ್ಗಿತು.

ಮತ್ತೆ ಕೆರೆಯಲು ತಿರುಗಿದೆ. ಕೆಸರು ಎದ್ದು ಟಾರ್ಚಿನ ಬೆಳಕೂ ಸತ್ತುಹೋಯಿತು.

ಆಮೇಲೆ ಎಡಪಕ್ಕೆಯ ಮೇಲೆ ಕೈ. ಎರಡು ಸಲ.

ತಮಾಷೆ ಅಂದುಕೊಂಡೆ. ಈಗಷ್ಟೇ ತುಂಬಿದ ಮೀಟರು ತೋರಿಸಿದವನು. ಶೆಡ್ಡಿನಲ್ಲಿ ಹೀಗೇ ತಟ್ಟಿ ತಟ್ಟಿ ಕಾಡುತ್ತಿದ್ದವನು. ಕೆಲಸ ನೋಡೋ ಅಂತ ಕೆರೆಯುವ ಸಲಕೆಯ ಹಿಡಿಯಿಂದ ಆ ಕೈಯ ಮೇಲೆ ಒಂದು ಏಟು ಹಾಕಿದೆ.

ಮತ್ತೆ ಬಂತು. ಈ ಸಲ ತಟ್ಟಲಿಲ್ಲ. ಪಕ್ಕೆಯನ್ನು ಮೇಲಿಂದ ಕೆಳಗೆ ತಡವಿತು, ಕೊಕ್ಕೆ ಹುಡುಕುವ ಹಾಗೆ. ಬಟ್ಟೆ ಹಿಂಡಿತು. ಅದು ಏನು ಕೇಳುತ್ತಿದೆ ಅಂತ ನನಗೆ ಹೊಳೆದು, ನನ್ನ ಕತ್ತಿನ ಕುಣಿಕೆಗೆ ನಾನು ಕೈ ಹಾಕುವಷ್ಟರಲ್ಲಿ ಆ ಕೈ ಇರಲಿಲ್ಲ. ಚಾಚಿದೆ. ಲೋಳೆ ಸಿಕ್ಕಿತು. ಮತ್ತೆ ಚಾಚಿದೆ. ಲೋಳೆ.

ಅವನು ಸಿಕ್ಕಿದ್ದು ಸಂದಿಯಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ. ಹೊರಗೆ ಹೋಗುವ ದಾರಿ ಅವನೇ ಮುಚ್ಚಿದ್ದ. ಅವನನ್ನು ತಳ್ಳಿಕೊಂಡೇ ನಾನು ಹೊರಗೆ ಬರಬೇಕಾಯಿತು.

ಬೆನ್ನಿಗೆ ಕಟ್ಟಿಕೊಳ್ಳುತ್ತೇನೆ ಅಂತ ಅವನಿಗೆ ಹೇಳಿದ್ದೆ. ಅವನು ಸರಿ ಅಂದಿದ್ದ. ಇದಂತೂ ನಿಜ.


ಏಪ್ರಿಲ್ 3, ಸೋಮವಾರ

ವಿಚಾರಣೆ. ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಫ್ಯಾನು ತಿರುಗುವ ಕೋಣೆ, ಉದ್ದ ಮೇಜು, ಮೇಜಿನ ಮೇಲೆ ಗುಂಡನ ಎರಡು ಸಿಲಿಂಡರು. ಒರೆಸಿ ಇಟ್ಟಿದ್ದರು. ಅಷ್ಟು ಚೊಕ್ಕಟವಾಗಿ ಅವನು ಯಾವತ್ತೂ ಇಟ್ಟವನಲ್ಲ.

ದೊಡ್ಡದು ತುಂಬಿದೆಯಂತೆ. ಸಣ್ಣದು ಖಾಲಿ.

ಅಲ್ಲೇ ಅರ್ಥವಾಯಿತು. ಎಲ್ಲರ ಎದುರಿಗೆ, ಕುರ್ಚಿಯ ಮೇಲೆ ಕೂತು. ಬೆನ್ನಿಗೆ ಕಟ್ಟಿದರೆ ಎರಡರ ಪೈಪೂ ಒಂದೇ ಭುಜದ ಮೇಲೆ ಬರುತ್ತವೆ. ಎರಡೂ ಕಪ್ಪು, ಎರಡೂ ಒಂದೇ ದಪ್ಪ. ಅವಸರದಲ್ಲಿ ಅವನು ಬಾಯಿಗಿಟ್ಟದ್ದು ಸಣ್ಣದರದ್ದು. ಕತ್ತಿನ ಹತ್ತಿರ ಇರುವುದು ಅದೇ ಅಲ್ಲವೇ? ಸಣ್ಣದನ್ನು ಕುಡಿಯುತ್ತ ದೊಡ್ಡದರ ಮೀಟರು ನೋಡಿ ಹಿಗ್ಗಿದ. ನನಗೂ ತೋರಿಸಿದ. ಸಣ್ಣದು ಬರಿದಾದಾಗ ದೊಡ್ಡದೇ ಕೆಟ್ಟಿತು ಅಂದುಕೊಂಡಿರಬೇಕು. ಕತ್ತು ತಡಕಿರುತ್ತಾನೆ, ಕುಣಿಕೆ ಖಾಲಿ. ದೊಡ್ಡದರ ಮೌತ್‌ಪೀಸು ಬೆನ್ನ ಹಿಂದೆಲ್ಲೋ ತೇಲುತ್ತಿತ್ತು, ತುಂಬಿದ ಗಾಳಿಯ ಸಮೇತ. ಉಳಿದದ್ದು ಒಂದೇ ಜಾಗ. ಅವನ ಕೈಗೆ ಕಣ್ಣಿಗಿಂತ ಚೆನ್ನಾಗಿ ಗೊತ್ತಿದ್ದ ಜಾಗ.

ನಮ್ಮ ಸಾಹೇಬರು ಅಧಿಕಾರಿಯ ಕಡೆ ನೋಡಿ, “ಇದು ಮುಳುಗುಗಾರನ ಸ್ವಂತ ತಪ್ಪು. ಸಲಕರಣೆಯಲ್ಲಿ ದೋಷ ಇಲ್ಲ, ಸೂಚನೆಯಲ್ಲೂ ಇಲ್ಲ,” ಅಂದರು. ನನ್ನ ಕಡೆ ತಿರುಗಿದರು. “ನಿಮ್ಮ ಸಿಲಿಂಡರ್ ಜಾಗ ಬದಲಾಗಿದೆ ಅಂತ ಅವರಿಗೆ ಹೇಳಿದ್ರಿ ತಾನೆ?”

“ಹೇಳಿದ್ದೆ.”

“ಅವರು ಒಪ್ಪಿದ್ರು?”

“ಹೂಂ.”

“ಮತ್ತೇನಿಲ್ಲ,” ಅಂದರು.

ಹೊರಗೆ ಬಂದಾಗ ಭುಜ ತಟ್ಟಿದರು. ಎಡಭುಜ. ಗೇಟಿನ ಮುಂದೆ ನಮ್ಮವರು ನಿಂತಿದ್ದರು, ಎರಡನೇ ಮೌತ್‌ಪೀಸು ಕೊಡಿ ಅಂತ ಬೋರ್ಡು ಹಿಡಿದು. ಬೆನ್ನಿಗೆ ಕಟ್ಟಿದ್ದಕ್ಕೆ ಸಭೆಯಲ್ಲಿ ನಾನು ಬೈದಾಗ ಎದ್ದು ಹೋದವನೂ ಇದ್ದ. ನನ್ನನ್ನು ನೋಡಿ ಎಲ್ಲರೂ ಸರಿದು ದಾರಿ ಬಿಟ್ಟರು.


ಏಪ್ರಿಲ್ 5, ಬುಧವಾರ

ಬೆಳಗ್ಗೆ ಅತ್ತಿಗೆ ಬಂದಳು. ನೀರಿಗಲ್ಲ, ಕೈಯಲ್ಲಿ ಬಕೆಟ್ಟಿರಲಿಲ್ಲ. ಅಮ್ಮ ಎದ್ದು ಕುರ್ಚಿ ಕೊಟ್ಟಳು. ಕೂರಲಿಲ್ಲ.

“ವಿಚಾರಣೇಲಿ ನೀನು ಏನು ಹೇಳ್ದೆ ಅಂತ ಗೊತ್ತಾಯ್ತು. ಅದಕ್ಕೆ ಬಂದಿಲ್ಲ. ನಂಗೊಂದು ಅರ್ಥ ಆಗ್ತಿಲ್ಲ, ಅದನ್ನ ಹೇಳು.”

“ಕೇಳು ಅತ್ತಿಗೆ.”

“ನಿದ್ದೇಲೂ ಸರಿಯಾಗಿ ಹುಡುಕೋರು. ಕತ್ತಲು, ಕಣ್ಣು ಮುಚ್ಚಿದೆ, ಪ್ರಜ್ಞೆ ಇಲ್ಲ. ಆದ್ರೂ ಕೈ ಸೀದಾ ಇಲ್ಲಿಗೇ ಬರ್ತಿತ್ತು.” ತನ್ನ ಎಡಪಕ್ಕೆಯ ಮೇಲೆ ಕೈ ಇಟ್ಟುಕೊಂಡಳು. “ಒಂದು ದಿನಾನೂ ತಪ್ಪಿದ್ದಿಲ್ಲ. ಅಷ್ಟು ಕಲಿಸಿದ್ದೆ ನೀನು. ಮತ್ತೆ ನೀರಲ್ಲಿ ಯಾಕೆ ಸಿಗಲಿಲ್ಲ?”

ಸುರಂಗದೊಳಗೆ ಇಷ್ಟು ಕತ್ತಲೆ ಇರಲಿಲ್ಲ. ಕಿಟಕಿ ತೆರೆದಿತ್ತು, ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು, ಬಿಸಿಲು ನೆಲದ ಮೇಲೆ ಬಿದ್ದಿತ್ತು. ನನಗೆ ಹೇಳಲು ಎಷ್ಟೋ ಮಾತು ಸಿದ್ಧವಾಗಿದ್ದವು. ಹೇಳಿದ್ದೆ ಅನ್ನುವುದು. ಅವನು ಒಪ್ಪಿದ್ದ ಅನ್ನುವುದು. ಭುಜ ನೋಯುತ್ತಿತ್ತು ಅನ್ನುವುದು. ಆಯ್ಕೆ, ಹೊಣೆ, ಪಾಳಿ, ಪಂಪು. ಎಲ್ಲ ನೆಕ್‌ಟೈಯ ಮಾತು. ಯಾವಾಗ ನನ್ನ ಬಾಯಿಗೆ ಬಂದು ಸೇರಿಕೊಂಡವೋ.

“ಸಿಕ್ಕಿತ್ತು ಅತ್ತಿಗೆ,” ಅಂದೆ. “ಕೈ ಸರಿಯಾದ ಜಾಗಕ್ಕೇ ಬಂತು. ಎರಡು ಸಲ ತಟ್ಟಿದ. ಗಾಳಿ ಅಲ್ಲಿರಲಿಲ್ಲ. ನಾನು ಬೆನ್ನಿಗೆ ಹಾಕಿಕೊಂಡಿದ್ದೆ.”

ಅವಳು ಹತ್ತಿರ ಬಂದು ನನ್ನ ಎಡಪಕ್ಕೆಯ ಮೇಲೆ ಅಂಗೈ ಇಟ್ಟಳು. “ಇಲ್ಲೇನಾ?”

“ಇನ್ನೂ ಸ್ವಲ್ಪ ಕೆಳಗೆ.”

ಕೈ ಕೆಳಗೆ ಸರಿಸಿದಳು. ಎಷ್ಟೋ ಹೊತ್ತು ತೆಗೆಯಲಿಲ್ಲ. ಆ ಕೈಯ ಕೆಳಗೆ ನನ್ನ ಉಸಿರು ಹೋಗುವುದು ಬರುವುದು ಅವಳಿಗೆ ತಿಳಿಯುತ್ತಿತ್ತು. ಮುಚ್ಚಿಡಲು ಆಗುವುದಿಲ್ಲ ಅದನ್ನ.

ಅಮ್ಮ, “ಏನಂತೆ?” ಅಂತ ಕೇಳಿದಳು. ಯಾರೂ ಕೂಗಿ ಹೇಳಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ಅತ್ತಿಗೆ ಹೇಳಿದಳು. “ಇದನ್ನೇ ನಾಳೆ ಗೇಟಿನ ಮುಂದೆ ಹೇಳು. ಆ ಮೈಕಲ್ಲೇ. ನೀನು ಅವರ ಕೈಗೆ ಹೊಡೆದಿದ್ದನ್ನೂ ಹೇಳು.”

ಹೊಡೆದ ಮಾತು ನಾನು ಆಡಿಯೇ ಇರಲಿಲ್ಲ. ಮುಖ ನೋಡಿದೆ.

“ಕೈ ಮೇಲೆ ಸಲಕೆ ಹಿಡಿಯ ಗೆರೆ ಎದ್ದಿತ್ತು ಕಣೇ. ಮೈ ತೊಳೆದೋಳು ನಾನು.”

ಮೆಟ್ಟಿಲು ಹತ್ತುತ್ತ ಮತ್ತೆ ತಿರುಗಿದಳು. “ಒಬ್ಬಳೇ ನಿಲ್ಲೋಕೆ ಹೆದರ್ಬೇಡ. ನಾನೂ ಬರ್ತೀನಿ, ನಿನ್ನ ಪಕ್ಕದಲ್ಲೇ ನಿಂತಿರ್ತೀನಿ.”

ಯಾವ ಪಕ್ಕ ಅಂತ ನಾನು ಕೇಳಲಿಲ್ಲ.